ಯಂತ್ರ ಬರೆದ ಹೊತ್ತು, ಮನುಷ್ಯ ಹೊರುವ ಹೊಣೆ

ಕಂಪ್ಯೂಟರಿನಲ್ಲಿದ್ದ ಒಂದು ಚಿತ್ರ ಅಳಿಸಿಹೋಗಿದೆ. ಮೂಲ ಫೈಲ್ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದರೆ ಅದರ ಸಣ್ಣ ಪ್ರತಿ, ನಾವೆಲ್ಲ ಥಂಬ್‌ನೇಲ್ ಎನ್ನುವುದು, ಯಂತ್ರವು ತನ್ನ ವೇಗಕ್ಕಾಗಿ ಇಟ್ಟುಕೊಂಡ ಕ್ಯಾಶ್‌ನಲ್ಲಿ ಉಳಿದಿದೆ. ಅದರ ಜೊತೆಗೆ ಎಲ್ಲೋ ಒಂದು ತಾರೀಖು, ಗಂಟೆ, ನಿಮಿಷ. ಜಪ್ತಿಯಾದ ಹಾರ್ಡ್ ಡಿಸ್ಕನ್ನು ಪರೀಕ್ಷಿಸಿದವರು ವರದಿಯಲ್ಲಿ ಬರೆಯುತ್ತಾರೆ: ಆರೋಪಿಯು ಈ ದಿನ ಈ ಹೊತ್ತಿಗೆ ಈ ಚಿತ್ರವನ್ನು ನೋಡಿದ್ದಾನೆ. ಓದುವುದಕ್ಕೆ ಇದು ಒಂದೇ ವಾಕ್ಯ. ಒಳಗೆ ಮೂರು ಬೇರೆ ಬೇರೆ ಹೇಳಿಕೆಗಳಿವೆ: ಚಿತ್ರ ಇತ್ತು ಎಂಬುದು ಒಂದು, ಆ ಹೊತ್ತಿನಲ್ಲಿ ಏನೋ ನಡೆಯಿತು ಎಂಬುದು ಎರಡು, ಈ ಮನುಷ್ಯನೇ ಅದನ್ನು ತಿಳಿದು ನೋಡಿದ ಎಂಬುದು ಮೂರು. ಮೊದಲನೆಯದರಿಂದ ಮೂರನೆಯದಕ್ಕೆ ದಾಟುವುದು ತಂತ್ರಜ್ಞಾನದ ಕೆಲಸದಂತೆ ಕಂಡರೂ ಅದರ ಬುಡದಲ್ಲಿರುವುದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆ: ಕಂಡದ್ದರ ಬಲದಿಂದ ಕಾಣದ್ದನ್ನು ಹೇಳುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ? ನನ್ನ ವಾದ ಇಷ್ಟು. ಥಂಬ್‌ನೇಲಿನ ಸಮಯ ಒಂದು ಕುರುಹು. ಅದನ್ನು ಸಾಕ್ಷಿಯ ಮಾತೆಂದು ಕೇಳಿಸಿಕೊಳ್ಳುವುದು ತಪ್ಪು. ಕುರುಹಿನಿಂದ ಹೊರಡುವ ತೀರ್ಮಾನದ ಹೊಣೆ ತೀರ್ಮಾನಿಸುವವನ ಮೇಲೆಯೇ ಇರುತ್ತದೆ, ಯಂತ್ರದ ಮೇಲೆ ಅದನ್ನು ಇಳಿಸಿಬಿಡಲು ಬರುವುದಿಲ್ಲ.

ಮೊದಲು ವಸ್ತುಸ್ಥಿತಿ ನೋಡೋಣ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಚಿತ್ರಗಳಿದ್ದ ಫೋಲ್ಡರನ್ನು ಥಂಬ್‌ನೇಲ್ ರೂಪದಲ್ಲಿ ತೆರೆದರೆ ಆ ಫೋಲ್ಡರಿನೊಳಗೇ ಥಂಬ್ಸ್ ಡಿಬಿ ಎಂಬ ಮರೆಯ ಫೈಲೊಂದು ಹುಟ್ಟುತ್ತಿತ್ತು. ಅದರೊಳಗೆ ಪ್ರತಿ ಚಿತ್ರದ ಸಣ್ಣ ಪ್ರತಿ, ಮೂಲ ಫೈಲಿನ ಹೆಸರು, ಮತ್ತು ಒಂದು ಸಮಯ ಇರುತ್ತಿದ್ದವು. ಮೂಲ ಚಿತ್ರವನ್ನು ಅಳಿಸಿದರೂ ಈ ದಾಖಲೆ ಅಲ್ಲೇ ಉಳಿಯುತ್ತಿದ್ದುದರಿಂದ ತನಿಖೆಗಾರರಿಗೆ ಅದು ದೊಡ್ಡ ಆಸ್ತಿಯಾಯಿತು. ಆದರೆ ಆ ಸಮಯ ಯಾವುದರದು? ಥಂಬ್‌ನೇಲ್ ಹುಟ್ಟಿದ್ದರದಲ್ಲ, ಯಾರೋ ಚಿತ್ರ ನೋಡಿದ್ದರದೂ ಅಲ್ಲ. ಮೂಲ ಫೈಲನ್ನು ಕೊನೆಯ ಬಾರಿ ಬದಲಾಯಿಸಿದ ಸಮಯ ಅದು. ಇದರ ಪರಿಣಾಮ ಸಣ್ಣದಲ್ಲ. ಒಂದು ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದಾಗ ವಿಂಡೋಸ್ ಹೊಸ ಪ್ರತಿಗೆ ಹೊಸ ಹುಟ್ಟಿನ ಸಮಯ ಕೊಡುತ್ತದೆ, ಕೊನೆಯ ಬದಲಾವಣೆಯ ಸಮಯವನ್ನು ಮಾತ್ರ ಹಳೆಯದನ್ನೇ ಉಳಿಸಿಕೊಳ್ಳುತ್ತದೆ. ಹಾಗಾಗಿ ಹುಟ್ಟುವ ಮೊದಲೇ ಬದಲಾದಂತೆ ತೋರುವ ಫೈಲುಗಳು ಪ್ರತಿ ಕಂಪ್ಯೂಟರಿನಲ್ಲೂ ಬೇಕಾದಷ್ಟಿವೆ. 2003ರಲ್ಲಿ ತೆಗೆದ ಚಿತ್ರವೊಂದು 2007ರಲ್ಲಿ ಕೊಂಡ ಯಂತ್ರಕ್ಕೆ ನಕಲಾಗಿ ಬಂದರೆ ಆ ಯಂತ್ರದ ಥಂಬ್ಸ್ ಡಿಬಿ 2003 ಎಂದೇ ತೋರಿಸುತ್ತದೆ. ಯಂತ್ರ ಹುಸಿ ಬರೆದಿಲ್ಲ. 2003ರಲ್ಲಿ ಚಿತ್ರ ಈತನ ಬಳಿ ಇತ್ತು ಎಂದು ಅದನ್ನು ಓದಿದವನು ತಪ್ಪಿದ.

ವಿಂಡೋಸ್ ವಿಸ್ಟಾದಿಂದ ಮುಂದಕ್ಕೆ ವ್ಯವಸ್ಥೆ ಬದಲಾಯಿತು. ಫೋಲ್ಡರಿಗೊಂದು ಇದ್ದ ಫೈಲಿನ ಬದಲು ಬಳಕೆದಾರನ ಖಾತೆಗೆ ಸೇರಿದ ಒಂದೇ ಜಾಗದಲ್ಲಿ, ಅಳತೆಗೊಂದರಂತೆ ಥಂಬ್‌ಕ್ಯಾಶ್ ಫೈಲುಗಳು ಬಂದವು. ವಿಂಡೋಸ್ 7ರಲ್ಲಿ 32, 96, 256, 1024 ಎಂಬ ಅಳತೆಗಳು. ಇಲ್ಲಿ ಒಂದೊಂದು ಥಂಬ್‌ನೇಲಿಗೂ 64 ಬಿಟ್ಟಿನ ಗುರುತಿನ ಸಂಖ್ಯೆ ಇರುತ್ತದೆ. ಮೂಲ ಫೈಲಿನ ಹೆಸರಾಗಲಿ, ಅದಿದ್ದ ದಾರಿಯಾಗಲಿ, ಓದಲು ಸಿಗುವ ತಾರೀಖಾಗಲಿ ಆ ನಮೂದಿನಲ್ಲಿ ಇರುವುದಿಲ್ಲ. ಇಡೀ ಕ್ಯಾಶ್ ಫೈಲಿಗೆ ಫೈಲ್ ವ್ಯವಸ್ಥೆ ಕೊಟ್ಟ ಸಮಯ ಇರುತ್ತದೆ ನಿಜ. ಆದರೆ ಅದರೊಳಗೆ ಸಾವಿರಾರು ಚಿತ್ರಗಳ ಪ್ರತಿಗಳಿರುವಾಗ ಹೊರಗಿನ ಒಂದು ಸಮಯವನ್ನು ಒಳಗಿನ ಒಂದು ಚಿತ್ರಕ್ಕೆ ಅಂಟಿಸಲು ಯಾವ ಆಧಾರವೂ ಇಲ್ಲ. ಲಿನಕ್ಸಿನ ಡೆಸ್ಕ್‌ಟಾಪುಗಳು ಒಪ್ಪಿಕೊಂಡ ಪದ್ಧತಿಯಲ್ಲಿ ಪ್ರತಿ ಥಂಬ್‌ನೇಲೂ ಒಂದು ಪ್ರತ್ಯೇಕ ಪಿಎನ್‌ಜಿ ಫೈಲ್. ಅದರೊಳಗೆ ಮೂಲ ಫೈಲಿನ ವಿಳಾಸವನ್ನೂ ಅದರ ಕೊನೆಯ ಬದಲಾವಣೆಯ ಸಮಯವನ್ನೂ ಬರೆದಿಡುತ್ತಾರೆ, ಹೊರಗೆ ಆ ಪಿಎನ್‌ಜಿ ಹುಟ್ಟಿದ ಸಮಯ ಬೇರೆಯೇ ಇರುತ್ತದೆ. ಮ್ಯಾಕ್‌ನ ಹಳೆಯ ಕ್ವಿಕ್‌ಲುಕ್ ದಾಖಲೆಯಲ್ಲಿ ಥಂಬ್‌ನೇಲನ್ನು ಕೊನೆಯ ಬಾರಿ ಬಳಸಿದ ಸಮಯ ಮತ್ತು ಎಷ್ಟು ಬಾರಿ ಬಳಸಲಾಯಿತು ಎಂಬ ಲೆಕ್ಕ ಇರುತ್ತಿತ್ತು. ಬಳಸಿದ್ದು ವ್ಯವಸ್ಥೆ; ಬಳಸಿದ್ದು ಮನುಷ್ಯನ ಕಣ್ಣು ಎಂದು ಅಲ್ಲೂ ಬರೆದಿಲ್ಲ. ಹೀಗೆ ಥಂಬ್‌ನೇಲಿನ ಸಮಯ ಎಂಬ ಒಂದೇ ಹೆಸರಿನಡಿ ನಾಲ್ಕಾರು ಬೇರೆ ಬೇರೆ ಘಟನೆಗಳ ಸಮಯಗಳು ಸೇರಿಕೊಂಡಿವೆ.

ಘಟನೆ ಯಾವುದೆಂದು ಗೊತ್ತಾದ ಮೇಲೂ ಗಡಿಯಾರ ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ವಿಂಡೋಸ್ 1601ರ ಜನವರಿ 1ರಿಂದ, ಯುನಿಕ್ಸ್ 1970ರ ಜನವರಿ 1ರಿಂದ, ಆಪಲ್‌ನ ಹಲವು ದಾಖಲೆಗಳು 2001ರ ಜನವರಿ 1ರಿಂದ ಕಾಲವನ್ನು ಎಣಿಸುತ್ತವೆ. ಒಂದರ ಸಂಖ್ಯೆಯನ್ನು ಇನ್ನೊಂದರ ಲೆಕ್ಕದಲ್ಲಿ ಓದಿದರೆ ದಶಕಗಳೇ ಜಾರುತ್ತವೆ. ವಿಂಡೋಸ್ ಡಿಸ್ಕುಗಳ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆ ಸಾರ್ವತ್ರಿಕ ಕಾಲಮಾನದಲ್ಲಿ ಬರೆಯುತ್ತದೆ; ಫ್ಯಾಟ್ ವ್ಯವಸ್ಥೆಯ ಪೆನ್‌ಡ್ರೈವ್ ಆ ಊರಿನ ಗಡಿಯಾರವನ್ನು, ಅದೂ ಎರಡು ಸೆಕೆಂಡಿನ ಮೆಟ್ಟಿಲಿನಲ್ಲಿ ಬರೆಯುತ್ತದೆ. ಭಾರತದಲ್ಲಿ ಮಧ್ಯರಾತ್ರಿ ಕಳೆದು ಹತ್ತು ನಿಮಿಷಕ್ಕೆ ನಡೆದದ್ದು ಸಾರ್ವತ್ರಿಕ ಕಾಲದಲ್ಲಿ ಹಿಂದಿನ ದಿನದ ಸಂಜೆ 6 ಗಂಟೆ 40 ನಿಮಿಷವಾಗುತ್ತದೆ. ಆ ಹೊತ್ತಿಗೆ ಆರೋಪಿ ಊರಿನಲ್ಲೇ ಇರಲಿಲ್ಲ ಎಂಬ ವಾದ ನಿಲ್ಲುವುದೋ ಬೀಳುವುದೋ ಈ ಐದೂವರೆ ಗಂಟೆಯ ಮೇಲೆ ನಿರ್ಧಾರವಾಗಬಹುದು. ಇದರ ಮೇಲೆ, ಯಂತ್ರದ ಗಡಿಯಾರವನ್ನು ಅದರ ಮುಂದೆ ಕುಳಿತವರು ತಿರುಗಿಸಿರಲೂಬಹುದು.

ಈಗ ತತ್ತ್ವದ ಪ್ರಶ್ನೆಗೆ ಬರೋಣ. ತಿಳಿವಳಿಕೆಯ ಸಾಧನಗಳನ್ನು ನಮ್ಮ ಶಾಸ್ತ್ರಗಳು ಪ್ರಮಾಣ ಎಂದು ಕರೆದು ಅವುಗಳ ಗಡಿಗಳನ್ನು ಗುರುತಿಸಿವೆ. ನ್ಯಾಯದರ್ಶನದ ಪ್ರಕಾರ ಅವು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಥಂಬ್‌ನೇಲಿನ ಸಮಯ ಇವುಗಳಲ್ಲಿ ಎಲ್ಲಿ ಸೇರುತ್ತದೆ? ಅಕ್ಷರ ಮತ್ತು ಅಂಕಿಗಳಲ್ಲಿ ಬರೆದಿರುವುದರಿಂದ ಅದು ಶಬ್ದದಂತೆ, ಎಂದರೆ ಯಾರೋ ನಮಗೆ ಹೇಳಿದ ಮಾತಿನಂತೆ ತೋರುತ್ತದೆ. ನ್ಯಾಯಾಲಯದಲ್ಲಿ ಕಂಪ್ಯೂಟರ್ ಹೀಗೆ ಹೇಳುತ್ತದೆ ಎಂಬ ಮಾತು ಸಲೀಸಾಗಿ ಬರುವುದೂ ಇದರಿಂದಲೇ. ಆದರೆ ಶಬ್ದ ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು. ವಿಷಯವನ್ನು ನೇರವಾಗಿ ಅರಿತವನು, ಅರಿತದ್ದನ್ನು ಅರಿತಂತೆ ತಿಳಿಸುವ ಇಚ್ಛೆಯುಳ್ಳವನು ಆಪ್ತ. ಯಂತ್ರಕ್ಕೆ ಮೋಸ ಮಾಡುವ ಇಚ್ಛೆ ಇಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ತಿಳಿಸುವ ಇಚ್ಛೆಯೂ ಅದಕ್ಕಿಲ್ಲ, ಅರಿವೂ ಇಲ್ಲ ಎಂಬುದನ್ನು ಮಾತ್ರ ಮರೆಯುತ್ತೇವೆ. ಒಬ್ಬ ಮನುಷ್ಯ ಚಿತ್ರ ನೋಡುತ್ತಿದ್ದಾನೆ ಎಂಬುದನ್ನು ಕ್ಯಾಶ್ ಅರಿತು ಬರೆದಿಲ್ಲ. ಮುಂದಿನ ಬಾರಿ ಫೋಲ್ಡರ್ ಬೇಗ ತೆರೆಯಲಿ ಎಂದು ಒಂದು ಪ್ರತಿಯನ್ನು ಎತ್ತಿಟ್ಟಿತು, ಅಷ್ಟೆ. ಆದ್ದರಿಂದ ಅದು ಆಪ್ತನ ಮಾತಿನ ಸಾಲಿಗೆ ಸೇರುವುದಿಲ್ಲ. ಬೆಟ್ಟದ ಮೇಲಿನ ಹೊಗೆಯಂತೆ ಅದೊಂದು ಲಿಂಗ, ಒಂದು ಗುರುತು. ಗುರುತಿನಿಂದ ದೊರೆಯುವ ಅರಿವು ತರ್ಕಶಾಸ್ತ್ರದ ಅರ್ಥದಲ್ಲಿ ಅನುಮಾನ. ಅನುಮಾನಕ್ಕೆ ಅದರದೇ ಕಟ್ಟುಪಾಡುಗಳಿವೆ, ಅವನ್ನು ಪಾಲಿಸದೆ ಅದು ಪ್ರಮಾಣವಾಗುವುದಿಲ್ಲ.

ಇದಕ್ಕೆ ಶಾಸ್ತ್ರದ ಒಳಗಿನಿಂದಲೇ ಒಂದು ಆಕ್ಷೇಪ ಎತ್ತಬಹುದು. ವೇದ ಅಪೌರುಷೇಯ, ಅದಕ್ಕೆ ಕರ್ತೃ ಇಲ್ಲ, ಮಾತಿನಲ್ಲಿ ಸೇರುವ ದೋಷಗಳೆಲ್ಲ ಕರ್ತೃವಿನಿಂದ ಬರುವುದರಿಂದ ಅದರಲ್ಲಿ ದೋಷವೂ ಇಲ್ಲ ಎಂದು ಮೀಮಾಂಸಕರು ವಾದಿಸಿದರು. ಯಂತ್ರದ ದಾಖಲೆಯನ್ನೂ ಯಾವ ಮನುಷ್ಯನೂ ಕೂತು ಬರೆದಿಲ್ಲ. ರಾಗ, ದ್ವೇಷ, ಮರೆವುಗಳ ಸೋಂಕಿಲ್ಲದ ಆ ಬರಹ ಮನುಷ್ಯ ಸಾಕ್ಷಿಗಿಂತ ಮೇಲಲ್ಲವೇ? ಈ ವಾದಕ್ಕೆ ಬಲವಿದೆ, ಏಕೆಂದರೆ ಮನುಷ್ಯನ ನೆನಪು ಯಂತ್ರದ ದಾಖಲೆಗಿಂತ ಎಷ್ಟೋ ಸಲ ದುರ್ಬಲ. ಆದರೆ ಇಲ್ಲಿ ಕರ್ತೃ ಇಲ್ಲ ಎಂಬುದು ನಿಜವಲ್ಲ, ಕಣ್ಣಿಗೆ ಕಾಣುವುದಿಲ್ಲ ಎಂಬುದಷ್ಟೇ ನಿಜ. ಯಾವ ಘಟನೆಗೆ ಯಾವ ಸಮಯ ಬರೆಯಬೇಕೆಂದು ತಂತ್ರಾಂಶ ರಚಿಸಿದವರು ನಿರ್ಧರಿಸಿದ್ದಾರೆ, ಗಡಿಯಾರವನ್ನು ಯಾರೋ ಹೊಂದಿಸಿದ್ದಾರೆ, ಕಚ್ಚಾ ಅಂಕಿಗಳನ್ನು ಓದುವ ಉಪಕರಣವನ್ನು ಇನ್ಯಾರೋ ಬರೆದಿದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿ 2011ರಲ್ಲಿ ನಡೆದ, ಇಡೀ ದೇಶ ನೋಡಿದ ಕೊಲೆ ಮೊಕದ್ದಮೆಯೊಂದರಲ್ಲಿ ಆರೋಪಿಯ ಮನೆಯ ಕಂಪ್ಯೂಟರಿನಿಂದ ಕ್ಲೋರೋಫಾರ್ಮ್ ಕುರಿತ ಜಾಲತಾಣಕ್ಕೆ 84 ಬಾರಿ ಹೋಗಿದ್ದಾರೆ ಎಂಬ ಸಾಕ್ಷ್ಯ ನ್ಯಾಯಾಲಯಕ್ಕೆ ಬಂತು. ಬ್ರೌಸರಿನ ಇತಿಹಾಸವನ್ನು ಓದಿದ ತಂತ್ರಾಂಶ ಅದನ್ನು ತಪ್ಪಾಗಿ ಬಿಡಿಸಿತ್ತು. ಭೇಟಿ ನಡೆದದ್ದು ಒಂದೇ ಬಾರಿ ಎಂದು ಆಮೇಲೆ ಸ್ವತಃ ಆ ತಂತ್ರಾಂಶದ ರಚನೆಕಾರರೇ ಹೇಳಿದರು. ಡಿಸ್ಕಿನ ಮೇಲಿನ ದಾಖಲೆ ಬದಲಾಗಿರಲಿಲ್ಲ, ಬದಲಾದದ್ದು ಅದರ ಓದು. ಕರ್ತೃವನ್ನು ಮರೆಯಾಗಿಸಿದರೆ ದೋಷ ಮಾಯವಾಗುವುದಿಲ್ಲ. ಯಾರನ್ನು ಪಾಟಿ ಸವಾಲಿಗೆ ಕರೆಯಬೇಕೆಂಬುದು ತಿಳಿಯದೆ ಹೋಗುತ್ತದೆ.

ಅನುಮಾನದ ಬೆನ್ನೆಲುಬು ವ್ಯಾಪ್ತಿ: ಗುರುತು ಇದ್ದಲ್ಲೆಲ್ಲ ಗುರುತಿಸಬೇಕಾದ ವಸ್ತುವೂ ಇದ್ದೇ ಇರುತ್ತದೆ ಎಂಬ ತಪ್ಪದ ಸಂಬಂಧ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬುದು ವ್ಯಾಪ್ತಿ. ಆದರೆ ಬೆಂಕಿ ಇದ್ದಲ್ಲಿ ಹೊಗೆ ಇದೆ ಎಂದರೆ ನಿಲ್ಲುವುದಿಲ್ಲ, ಏಕೆಂದರೆ ಕಾದ ಕಬ್ಬಿಣದ ಉಂಡೆಯಲ್ಲಿ ಬೆಂಕಿ ಇದ್ದೂ ಹೊಗೆ ಇಲ್ಲ. ಹೊಗೆ ಬರಲು ಹಸಿ ಸೌದೆ ಸೇರಬೇಕು. ಹೀಗೆ ಗೊತ್ತಿಲ್ಲದಂತೆ ಒಳನುಸುಳಿ ಸಂಬಂಧವನ್ನು ಷರತ್ತಿಗೊಳಪಡಿಸುವ ಸಂಗತಿಯನ್ನು ನೈಯಾಯಿಕರು ಉಪಾಧಿ ಎಂದರು. ಉದಯನನಂಥ ತಾರ್ಕಿಕರು ಅದನ್ನು ಬಹಳ ಸೂಕ್ಷ್ಮವಾಗಿ ವಿಚಾರಿಸಿದರು. ಥಂಬ್‌ನೇಲಿನ ವಿಷಯಕ್ಕೆ ಈ ಅಳತೆಗೋಲನ್ನು ಹಿಡಿದು ನೋಡಿ. ಥಂಬ್‌ನೇಲ್ ಇದ್ದಲ್ಲಿ ಅದಕ್ಕೊಂದು ಮೂಲ ಚಿತ್ರ ಈ ಯಂತ್ರಕ್ಕೆ ಎಟಕುವಂತೆ ಎಂದೋ ಇತ್ತು ಎಂಬುದು, ಕ್ಯಾಶ್ ಫೈಲನ್ನೇ ಬೇರೆಡೆಯಿಂದ ತಂದು ಹಾಕಿಲ್ಲವೆಂದು ಖಚಿತವಾದ ಮೇಲೆ, ಬಹುಮಟ್ಟಿಗೆ ನಿಲ್ಲುವ ವ್ಯಾಪ್ತಿ. ಆ ಚಿತ್ರ ಈ ಹಾರ್ಡ್ ಡಿಸ್ಕಿನಲ್ಲೇ ಇತ್ತು ಎಂದರೆ ವ್ಯಾಪ್ತಿ ಸಡಿಲವಾಗುತ್ತದೆ, ಏಕೆಂದರೆ ಐದು ನಿಮಿಷ ಸಿಕ್ಕಿಸಿ ತೆಗೆದ ಪೆನ್‌ಡ್ರೈವಿನ ಚಿತ್ರಗಳ ಪ್ರತಿಗಳೂ ಅದೇ ಕ್ಯಾಶ್‌ನಲ್ಲಿ ಉಳಿಯುತ್ತವೆ. ಖಾತೆಯ ಒಡೆಯ ಅದನ್ನು ನೋಡಿದ ಎಂದರೆ ವ್ಯಾಪ್ತಿ ಮುರಿದೇ ಬೀಳುತ್ತದೆ. ನೂರು ಫೈಲುಗಳಿರುವ ಫೋಲ್ಡರನ್ನು ಒಂದು ಪತ್ರ ಹುಡುಕಲು ತೆರೆದವನ ಎದುರು ಯಂತ್ರ ಅಲ್ಲಿನ ಚಿತ್ರಗಳ ಪ್ರತಿಗಳನ್ನೂ ಸಾಲಾಗಿ ತಯಾರಿಸುತ್ತ ಹೋಗುತ್ತದೆ. ಒಳಗಿನ ಕೆಲವು ಚಿತ್ರಗಳನ್ನು ಫೋಲ್ಡರಿನ ಚಿಹ್ನೆಯ ಮೇಲೇ ತೋರಿಸುವ ನೋಟವೂ ಇದೆ. ಅಲ್ಲಿ ಫೋಲ್ಡರನ್ನು ತೆರೆಯಬೇಕಾದ್ದೂ ಇಲ್ಲ. ಫೋನಿನಲ್ಲಿ ವಾಟ್ಸ್ಆ್ಯಪ್ ಗುಂಪಿಗೆ ಯಾರೋ ಹಾಕಿದ ಚಿತ್ರ ತಾನಾಗಿ ಇಳಿದು ಗ್ಯಾಲರಿ ಸೇರಿದರೆ, ಆ ಗುಂಪನ್ನು ತಿಂಗಳುಗಟ್ಟಲೆ ತೆರೆಯದವನ ಫೋನಿನಲ್ಲೂ ಅದರ ಥಂಬ್‌ನೇಲ್ ಹುಟ್ಟಬಹುದು. ಒಂದೇ ಪಾಸ್‌ವರ್ಡನ್ನು ಮನೆಯವರೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಖಾತೆಯ ಹೆಸರು ಕುರ್ಚಿಯಲ್ಲಿ ಕುಳಿತವರ ಹೆಸರಾಗಿರಬೇಕೆಂದಿಲ್ಲ. ನೋಡಿದ ಎಂಬ ತೀರ್ಮಾನಕ್ಕೆ ಇವೆಲ್ಲ ಉಪಾಧಿಗಳು. ಇವುಗಳನ್ನು ಒಂದೊಂದಾಗಿ ತಳ್ಳಿಹಾಕದೆ ತೀರ್ಮಾನ ಹುಟ್ಟುವುದಿಲ್ಲ.

ಹಾಗಾದರೆ ಇಂಥ ಕುರುಹುಗಳನ್ನು ಬಿಟ್ಟೇಬಿಡಬೇಕೇ? ಈ ಪ್ರಶ್ನೆಯನ್ನು ಗೌತಮನ ನ್ಯಾಯಸೂತ್ರವೇ ಎದುರಿಸಿದೆ. ನದಿ ತುಂಬಿ ಬಂದದ್ದನ್ನು ಕಂಡು ಮೇಲೆ ಮಳೆಯಾಗಿದೆ ಎಂದು, ಇರುವೆಗಳು ಮೊಟ್ಟೆ ಹೊತ್ತು ಹೊರಟದ್ದನ್ನು ಕಂಡು ಮಳೆ ಬರಲಿದೆ ಎಂದು, ಕೂಗು ಕೇಳಿ ನವಿಲಿದೆ ಎಂದು ಊಹಿಸುತ್ತೇವೆ. ಪೂರ್ವಪಕ್ಷಿ ಕೇಳುತ್ತಾನೆ: ಕೆಳಗೆಲ್ಲೋ ತಡೆ ಬಿದ್ದರೂ ನೀರು ಏರುತ್ತದೆ, ಗೂಡು ಕದಡಿದರೂ ಇರುವೆಗಳು ಮೊಟ್ಟೆ ಹೊತ್ತು ಹೊರಡುತ್ತವೆ, ನವಿಲಿನ ಕೂಗನ್ನು ಮನುಷ್ಯನೂ ಕೂಗಬಲ್ಲ, ಆದ್ದರಿಂದ ಅನುಮಾನ ಪ್ರಮಾಣವೇ ಅಲ್ಲ. ಸಿದ್ಧಾಂತಿಯ ಉತ್ತರವನ್ನು ಭಾಷ್ಯಕಾರ ವಾತ್ಸ್ಯಾಯನ ಬಿಡಿಸಿ ಹೇಳುತ್ತಾನೆ. ಬರಿಯ ನೀರಿನ ಏರಿಕೆಯಿಂದ ಮಳೆಯನ್ನು ಯಾರೂ ಸರಿಯಾಗಿ ಊಹಿಸುವುದಿಲ್ಲ. ಸೆಳವು ಜೋರಾಗಿರುವುದು, ನೊರೆ ತುಂಬಿರುವುದು, ಹಣ್ಣು, ಎಲೆ, ಮರದ ತುಂಡುಗಳು ತೇಲಿ ಬರುವುದು, ಇವೆಲ್ಲವನ್ನೂ ಕೂಡಿಸಿ ನೋಡಿದವನು ಊಹಿಸುತ್ತಾನೆ. ವಿಶೇಷಗಳನ್ನು ಗಮನಿಸದೆ ತೀರ್ಮಾನಿಸಿದವನು ಎಡವಿದರೆ ಅಪರಾಧ ಅನುಮಾನಿಸಿದವನದು, ಅನುಮಾನದ್ದಲ್ಲ. ಡಿಜಿಟಲ್ ತನಿಖೆಯ ನೀತಿಗೆ ಇದಕ್ಕಿಂತ ಹೊಂದುವ ಸೂತ್ರ ನನಗೆ ಕಾಣದು. ಥಂಬ್‌ನೇಲ್ ಒಂದೇ ಸಿಕ್ಕರೆ ಅದು ಬರಿಯ ನೀರಿನ ಏರಿಕೆ. ವಿಂಡೋಸ್ ಹುಡುಕಾಟದ ಸೂಚಿಯಲ್ಲಿ ಅದೇ ಗುರುತಿನ ಸಂಖ್ಯೆಯ ಎದುರು ಮೂಲ ಫೈಲಿನ ದಾರಿ ಸಿಕ್ಕಿತೇ? ಫೈಲನ್ನು ತೆರೆದಾಗ ಹುಟ್ಟುವ ಶಾರ್ಟ್‌ಕಟ್ ಫೈಲ್ ಇದೆಯೇ, ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿಯಾದ ಜಂಪ್ ಲಿಸ್ಟಿನಲ್ಲಿ ಅದರ ಹೆಸರಿದೆಯೇ? ಆ ಫೋಲ್ಡರನ್ನು ತೆರೆದ ಕುರುಹು ವಿಂಡೋಸ್ ರಿಜಿಸ್ಟ್ರಿಯಲ್ಲಿ ಉಳಿದಿದೆಯೇ? ಪೆನ್‌ಡ್ರೈವ್ ಮೊದಲು ಮತ್ತು ಕೊನೆಗೆ ಸಿಕ್ಕಿಸಿದ ಹೊತ್ತುಗಳು ಹೊಂದುತ್ತವೆಯೇ? ಫೈಲನ್ನು ಯಾರೋ ವಿಂಗಡಿಸಿ, ಹೆಸರು ಬದಲಿಸಿ, ಬೇರೆಡೆಗೆ ಸಾಗಿಸಿದ್ದಾರೆಯೇ? ಅದೇ ನಿಮಿಷಗಳಲ್ಲಿ ಅದೇ ಖಾತೆಯಿಂದ ಬರೆದ ಇಮೇಲ್ ಇದೆಯೇ? ಒಂದೊಂದರ ಉಪಾಧಿ ಬೇರೆ ಬೇರೆ ಇರುವುದರಿಂದ, ಎಲ್ಲವೂ ಒಂದೇ ಕಡೆಗೆ ಬೆರಳು ತೋರಿದಾಗ ಎಲ್ಲ ಉಪಾಧಿಗಳೂ ಒಟ್ಟಿಗೆ ಕೂಡಿಬರುವುದು ಕಷ್ಟ. ಆಗ ತೀರ್ಮಾನಕ್ಕೆ ಬಲ ಬರುತ್ತದೆ.

ಇದರ ಇನ್ನೊಂದು ಮುಖ ಅಭಾವದ ಪ್ರಶ್ನೆ. ಥಂಬ್‌ನೇಲ್ ಸಿಗಲಿಲ್ಲ, ಆದ್ದರಿಂದ ಚಿತ್ರ ಇರಲಿಲ್ಲ ಎಂದು ಆರೋಪಿಯ ಪರ ವಾದಿಸುವವರೂ ಅಷ್ಟೇ ಅವಸರದಲ್ಲಿರುತ್ತಾರೆ. ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದಕ್ಕೆ ಮೀಮಾಂಸಕರು ಒಂದು ಕಟ್ಟಳೆ ಹಾಕಿದರು: ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲ ಎನ್ನಬಹುದು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡ ಇಲ್ಲ, ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಹೇಳಲಾಗದು. ಥಂಬ್‌ನೇಲ್ ತೋರಿಸಬೇಡ, ಚಿಹ್ನೆ ಮಾತ್ರ ತೋರಿಸು ಎಂಬ ಆಯ್ಕೆ ವಿಂಡೋಸ್‌ನಲ್ಲಿದೆ. ಡಿಸ್ಕ್ ಸ್ವಚ್ಛಗೊಳಿಸುವ ಸಾಧನ ಥಂಬ್‌ನೇಲುಗಳನ್ನು ಅಳಿಸಬಲ್ಲದು. ಫೋಲ್ಡರನ್ನು ಬರಿಯ ಪಟ್ಟಿಯಾಗಿ ತೆರೆಯುವವರೂ ಇದ್ದಾರೆ. ಹಾಗಾಗಿ ಅಭಾವದಿಂದ ಮಾತಾಡುವವನೂ ಮೊದಲು ಕೋಣೆಯಲ್ಲಿ ಬೆಳಕಿತ್ತೆಂದು ತೋರಿಸಬೇಕು. ಕಟ್ಟುಪಾಡು ಎರಡು ಪಕ್ಷಕ್ಕೂ ಒಂದೇ.

ನೋಡಿದ ಎಂಬುದು ಸಿದ್ಧವಾದರೂ ಹೊಣೆಯ ಪ್ರಶ್ನೆ ಮುಗಿಯುವುದಿಲ್ಲ. ಕರ್ಮದ ತೂಕ ಎಲ್ಲಿದೆ ಎಂಬುದನ್ನು ಭಾರತೀಯ ಧರ್ಮಗಳು ಗಾಢವಾಗಿ ಚರ್ಚಿಸಿವೆ. ಬುದ್ಧ ಕರ್ಮವನ್ನು ಚೇತನೆಯಲ್ಲಿ, ಮನಸ್ಸಿನ ಸಂಕಲ್ಪದಲ್ಲಿ ಕಂಡ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪ್ರಾಣ ಹೋಯಿತು ಎಂಬಷ್ಟಕ್ಕೇ ಹಿಂಸೆ ಎನ್ನದೆ, ಪ್ರಮಾದದಿಂದ ಕೂಡಿದ ನಡೆಯಿಂದ ಪ್ರಾಣ ಹೋದರೆ ಹಿಂಸೆ ಎಂದಿತು. ಎರಡೂ ಕಡೆ ಒಂದು ಸಂಗತಿ ಸಮಾನ: ಹೊರಗೆ ನಡೆದ ಘಟನೆಯೊಂದೇ ಪಾಪವನ್ನು ತೀರ್ಮಾನಿಸುವುದಿಲ್ಲ, ಅದರ ಹಿಂದಿನ ಅರಿವು ಅಥವಾ ಅಲಕ್ಷ್ಯ ಬೇಕು. ಕಾನೂನು ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದೆ. 2006ರಲ್ಲಿ ಅಮೆರಿಕದ ಒಂಬತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಕುಚಿನ್‌ಸ್ಕಿ ಪ್ರಕರಣದಲ್ಲಿ, ಬ್ರೌಸರಿನ ಕ್ಯಾಶ್ ಎಂಬುದು ಇದೆ ಎಂದೇ ತಿಳಿಯದ, ಅದರೊಳಗಿನದ್ದನ್ನು ತೆರೆಯುವ ಬಗೆಯೂ ಗೊತ್ತಿಲ್ಲದ ವ್ಯಕ್ತಿಯ ಮೇಲೆ ಅಲ್ಲಿನ ಚಿತ್ರಗಳ ಸ್ವಾಧೀನವನ್ನು ಹೊರಿಸಲಾಗದು ಎಂದಿತು. ಯಂತ್ರ ತಾನಾಗಿ ಇಟ್ಟುಕೊಂಡದ್ದು ಮನುಷ್ಯ ಬಚ್ಚಿಟ್ಟದ್ದಕ್ಕೆ ಸಮವಲ್ಲ.

ಅತಿ ಗಂಭೀರವಾದ ಆಕ್ಷೇಪ ಇಲ್ಲಿ ಬರುತ್ತದೆ. ಥಂಬ್‌ನೇಲ್ ಸಾಕ್ಷ್ಯ ಹೆಚ್ಚಾಗಿ ಮುಖ್ಯವಾಗುವುದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳ ಪ್ರಕರಣಗಳಲ್ಲಿ. ಮೂಲ ಚಿತ್ರ ಅಳಿಸಿ ಪಾರಾಗಲು ನೋಡುವವರನ್ನು ಹಿಡಿಯಲು ಎಷ್ಟೋ ಸಲ ಉಳಿಯುವುದು ಈ ಸಣ್ಣ ಪ್ರತಿಯೊಂದೇ. ಚಿತ್ರದ ಪ್ರತಿಯೊಂದು ನೋಟವೂ ಆ ಮಗುವಿಗೆ ಮತ್ತೆ ಆಗುವ ಅನ್ಯಾಯ. ಹೀಗಿರುವಾಗ ಉಪಾಧಿ, ವ್ಯಾಪ್ತಿ ಎಂದು ಕೂದಲು ಸೀಳುತ್ತ ಕುಳಿತರೆ ಯಾರ ಪರ ನಿಂತಂತಾಯಿತು? ಈ ಮಾತಿನ ಹಿಂದಿನ ನೋವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದೇ ಕಾರಣಕ್ಕೆ ಎಚ್ಚರ ಇನ್ನೂ ಹೆಚ್ಚು ಬೇಕು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ಇಂಥ ಚಿತ್ರಗಳನ್ನು ಇಟ್ಟುಕೊಳ್ಳುವುದನ್ನೇ ಪೋಕ್ಸೊ ಕಾಯ್ದೆಯ 15ನೇ ಕಲಂ ಅಪರಾಧವಾಗಿಸುವ ಬಗೆಯನ್ನು ವಿವರಿಸಿತು. 30ನೇ ಕಲಂ ಪ್ರಕಾರ ಆರೋಪಿಯ ಮನಸ್ಸಿನ ದೋಷವನ್ನು ಕಾನೂನು ಪೂರ್ವಭಾವಿಯಾಗಿ ಊಹಿಸಿಕೊಳ್ಳುತ್ತದೆ, ಅದಿರಲಿಲ್ಲವೆಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸುವ ಭಾರ ಆರೋಪಿಯದು. ಆದರೆ ಆ ಊಹೆ ಏಳುವ ಮೊದಲು ಬುನಾದಿಯ ಸಂಗತಿಗಳನ್ನು ಪ್ರಾಸಿಕ್ಯೂಷನ್ ಸ್ಥಾಪಿಸಿರಬೇಕು ಎಂದೂ ಅದೇ ತೀರ್ಪು ಹೇಳಿದೆ. ಮೇಲಿನ ಭಾರ ಇಷ್ಟು ದೊಡ್ಡದಾಗಿರುವಾಗ ಬುನಾದಿ ಸಡಿಲವಾಗಿರಬಾರದು. ಸಡಿಲ ವರದಿಯಿಂದ ನಿರಪರಾಧಿ ಜೈಲಿಗೆ ಹೋಗಬಹುದು. ಅದೇ ವರದಿಯ ಒಂದು ತಪ್ಪು ತಾರೀಖನ್ನು ಪಾಟಿ ಸವಾಲಿನಲ್ಲಿ ಹಿಡಿದು ನಿಜವಾದ ಅಪರಾಧಿ ಹೊರಗೆ ನಡೆಯಬಹುದು. ಎರಡರಿಂದಲೂ ಆ ಮಗುವಿಗೆ ನ್ಯಾಯ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪ ವ್ಯವಹಾರದವರದು: ನ್ಯಾಯಾಲಯ ದಾರ್ಶನಿಕನ ನಿಶ್ಚಯವನ್ನು ಕೇಳುವುದಿಲ್ಲ, ಸಂಶಯಕ್ಕೆ ಕೊನೆಯಿಲ್ಲ, ಎಲ್ಲವನ್ನೂ ಸಂಶಯಿಸಿದರೆ ಬದುಕು ನಡೆಯುವುದಿಲ್ಲ. ನಮ್ಮ ನೆಲದಲ್ಲಿ ಬೆಳೆದ ಮಧ್ವರ ಪರಂಪರೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಜ್ಞಾನ ಸ್ವತಃ ಪ್ರಮಾಣ, ಅದಕ್ಕೆ ಹೊರಗಿನ ಮುದ್ರೆ ಬೇಡ ಎಂದು ಆ ಪರಂಪರೆ ಹೇಳುತ್ತದೆ. ಆದರೆ ದೋಷದ ಶಂಕೆಗೆ ಕಾರಣವಿದ್ದಾಗ ಪರೀಕ್ಷೆ ಮಾಡಬೇಕು, ಪರೀಕ್ಷೆಯಿಂದ ಶಂಕೆ ತೀರಿದಾಗ ಅರಿವಿನ ಸತ್ಯವನ್ನು ನಮ್ಮೊಳಗಿನ ಸಾಕ್ಷಿ ಗ್ರಹಿಸುತ್ತದೆ ಎಂದೂ ಹೇಳುತ್ತದೆ. ಪರೀಕ್ಷೆಗೆ ಕೊನೆ ಇದೆ. ಕಾರಣವಿಲ್ಲದ ಶಂಕೆಯನ್ನು ಬೆನ್ನಟ್ಟಬೇಕಾಗಿಲ್ಲ. ಥಂಬ್‌ನೇಲಿನ ಸಮಯದ ಬಗ್ಗೆ ನಾನು ಎತ್ತಿದ ಶಂಕೆಗಳೆಲ್ಲ ಕಾರಣವುಳ್ಳವು: ನಕಲಿನಿಂದ ಬಂದ ಹಳೆಯ ತಾರೀಖು, ತಾನಾಗಿ ಹುಟ್ಟುವ ಪ್ರತಿ, ಬೇರೆ ಕಾಲಮಾನ, ಹಂಚಿಕೊಂಡ ಖಾತೆ. ಅವು ತೀರಬಲ್ಲವು, ತೀರಿಸುವ ಉಪಾಯಗಳೂ ಇವೆ. ನ್ಯಾಯಾಲಯ ಕೇಳುವುದೂ ಇಷ್ಟನ್ನೇ. 1984ರ ಶರದ್ ಬಿರ್ಧಿಚಂದ್ ಸಾರದಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ಕಟ್ಟಳೆಗಳನ್ನು ಹಾಕಿತು. ಸಂಗತಿಗಳು ಪೂರ್ತಿಯಾಗಿ ಸ್ಥಾಪಿತವಾಗಿರಬೇಕು, ಆರೋಪಿಯ ಅಪರಾಧವೊಂದನ್ನು ಬಿಟ್ಟು ಬೇರೆ ಎಲ್ಲ ಸಾಧ್ಯತೆಗಳನ್ನೂ ಅವು ತಳ್ಳಿಹಾಕಬೇಕು, ಸರಪಳಿ ಎಲ್ಲೂ ಕಡಿಯಬಾರದು ಎಂಬುದು ಅವುಗಳ ತಿರುಳು. ಉಪಾಧಿಯನ್ನು ನಿವಾರಿಸು ಎಂಬ ನೈಯಾಯಿಕನ ಮಾತನ್ನೇ ನ್ಯಾಯಪೀಠ ತನ್ನ ಭಾಷೆಯಲ್ಲಿ ಹೇಳಿದೆ.

ಇಲ್ಲೊಂದು ತಪ್ಪು ನಂಬಿಕೆಯನ್ನೂ ತಿದ್ದಬೇಕಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರವನ್ನೂ ಅದರಲ್ಲಿ ದಾಖಲೆಯ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ಕೇಳುತ್ತದೆ. ಇದು ಅಗತ್ಯವಾದ ಕಾವಲು; ಜಪ್ತಿಯಾದದ್ದೇ ನ್ಯಾಯಾಲಯಕ್ಕೆ ಬಂದಿದೆ, ನಡುವೆ ಒಂದು ಬಿಟ್ ಕೂಡ ಬದಲಾಗಿಲ್ಲ ಎಂದು ಅದು ಖಾತ್ರಿಪಡಿಸುತ್ತದೆ. ಆದರೆ ಆ ಬಿಟ್‌ಗಳ ಅರ್ಥ ಏನು ಎಂಬುದಕ್ಕೆ ಹ್ಯಾಶ್ ಮೌಲ್ಯ ಜಾಮೀನಾಗುವುದಿಲ್ಲ. ಪ್ರಮಾಣಪತ್ರ ಲಗತ್ತಾಗಿದೆ ಎಂಬ ಕಾರಣಕ್ಕೆ ಅದರ ಮೇಲಿನ ವ್ಯಾಖ್ಯಾನವೂ ಪ್ರಮಾಣವಾಯಿತು ಎಂದು ತಿಳಿಯುವುದು ದಾಖಲೆಯ ಶುದ್ಧಿಯನ್ನು ತೀರ್ಮಾನದ ಶುದ್ಧಿ ಎಂದು ಭ್ರಮಿಸುವುದು.

ಆದ್ದರಿಂದ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಲ್ಲಿ, ತನಿಖಾಧಿಕಾರಿಗಳಲ್ಲಿ, ವಕೀಲರಲ್ಲಿ, ನ್ಯಾಯಾಧೀಶರಲ್ಲಿ ನನ್ನ ಮನವಿ ಇದು. ಆ ಒಂದು ವಾಕ್ಯವನ್ನು ಮೂರಾಗಿ ಬಿಡಿಸಿ ಬರೆಯಿರಿ, ಬಿಡಿಸಿ ಓದಿರಿ. ಯಾವ ಜಾಗದಲ್ಲಿ ಏನು ಸಿಕ್ಕಿತು ಎಂಬುದನ್ನು ಕಂಡದ್ದಾಗಿ ಬರೆಯಿರಿ. ಆ ಸಮಯ ಯಾವ ಘಟನೆಯದು, ಯಾವ ಗಡಿಯಾರದ್ದು, ಯಾವ ಉಪಕರಣದಿಂದ ಓದಿದ್ದು ಎಂಬುದನ್ನು ಪ್ರತ್ಯೇಕವಾಗಿ ಹೇಳಿರಿ. ಇನ್ನೊಂದು ಉಪಕರಣದಿಂದ ಓದಿ ತಾಳೆ ನೋಡಿರಿ. ಮನುಷ್ಯನ ಕೃತ್ಯದ ಬಗ್ಗೆ ಹೇಳುವುದಿದ್ದರೆ ಅದು ನಿಮ್ಮ ಅನುಮಾನವೆಂದು ಒಪ್ಪಿಕೊಂಡು, ಯಾವ ಯಾವ ಬೇರೆ ಸಾಧ್ಯತೆಗಳನ್ನು ಹೇಗೆ ತಳ್ಳಿಹಾಕಿದಿರಿ, ಯಾವುದನ್ನು ತಳ್ಳಿಹಾಕಲು ಆಗಲಿಲ್ಲ ಎಂಬುದನ್ನು ಅದರ ಕೆಳಗೇ ಬರೆಯಿರಿ. ಕೇಳುವವರೂ ಆ ಮೂರನೆಯ ಭಾಗ ಇಲ್ಲದ ವರದಿಯನ್ನು ಅಪೂರ್ಣವೆಂದು ಹಿಂದಿರುಗಿಸಲಿ. ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ಕಸಿಯುವ ತೀರ್ಮಾನಕ್ಕೆ ಸಹಿ ಹಾಕುವುದು ಮನುಷ್ಯನೇ. ಅದರ ಲೆಕ್ಕ ಒಪ್ಪಿಸಬೇಕಾದವನೂ ಅವನೇ.